ಸ್ವಾಪ್ ಖಾಲಿ ಮಾಡಿದ ರಾತ್ರಿ

ಕಿಟಕಿ ಮುಚ್ಚಿಬಿಡಿ… ಚಳಿಗಲ್ಲ. ಇದನ್ನು ಹೇಳುವಾಗ ಸಮುದ್ರದ ಸದ್ದು ಕಿವಿಗೆ ಬಿದ್ದರೆ ನನಗೆ ಮಾತು ತಪ್ಪುತ್ತದೆ.

ಇದು ನಮ್ಮ ಪಕ್ಕದ ಮನೆಯ ಯಿರೋಂಗ್‌ಗೆ ಆದದ್ದು. ಯಾರೋ ಯಾರಿಗೋ ಹೇಳಿದ್ದಲ್ಲ. ಅವಳ ಅಂಗಡಿಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನ್‌ಫಾಂಗಾವ್ ಬಂದರಿನಲ್ಲಿ, ಮೀನು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಕೆಟ್ಟ ಕಂಪ್ಯೂಟರ್ ಸರಿಮಾಡುವವಳು ಅಂದರೆ ಅವಳೊಬ್ಬಳೇ. ಮೂವತ್ತನಾಲ್ಕು ವರ್ಷದ ಗಟ್ಟಿ ಹೆಂಗಸು. ಯಾರಾದರೂ ದೆವ್ವದ ಮಾತೆತ್ತಿದರೆ, "ಎಲ್ಲೋ ವೈರು ಸಡಿಲ ಇರುತ್ತೆ, ನೋಡ್ಕೊಳ್ಳಿ" ಅಂದು ನಗುತ್ತಿದ್ದಳು.

ಅವತ್ತು ಚಾಂದ್ರಮಾನದ ಆರನೇ ತಿಂಗಳ ಕೊನೆಯ ರಾತ್ರಿ. ನಮ್ಮ ಹಳೇ ಲೆಕ್ಕದಲ್ಲಿ ದಿನ ಬದಲಾಗುವುದು ರಾತ್ರಿ ಹನ್ನೊಂದಕ್ಕೆ, ಹನ್ನೊಂದು ಹೊಡೆದರೆ ಏಳನೇ ತಿಂಗಳು. ಸತ್ತವರಿಗೆ ಬಾಗಿಲು ತೆರೆಯುವ ಹೊತ್ತು ಅದು. ಅವರನ್ನು ನಾವು ಬೇರೆ ಹೆಸರಿಂದ ಕರೆಯುವುದಿಲ್ಲ, 'ಒಳ್ಳೆಯ ಅಣ್ಣಂದಿರು' ಅನ್ನುತ್ತೇವೆ. ಆ ಹೊತ್ತಿಗೆ ನಮ್ಮ ಓಣಿಯಲ್ಲಿ ನಾಯಿ ಕೂಡ ಹೊರಗಿರುವುದಿಲ್ಲ.

ಆದರೆ ಯಿರೋಂಗ್ ಬೀದಿಯಲ್ಲಿದ್ದಳು. ಎರಡು ಚಕ್ರದ ತಳ್ಳುಗಾಡಿಯ ಮೇಲೆ ಒಂದು ಹಳೇ ಸಿಪಿಯು. ಜಿನುಗು ಮಳೆಯಿತ್ತು ಅಂತ ಅದಕ್ಕೆ ಮಳೆಕೋಟು ಹೊದಿಸಿ ಹಗ್ಗ ಬಿಗಿದಿದ್ದಳು.

ಅದು ಬಂದರಿನ ಚಿಕ್ಕ ಗುಡಿಯ ಕಂಪ್ಯೂಟರ್. ಸಮುದ್ರಕ್ಕೆ ಹೋಗಿ ಹೆಣ ಸಿಗದವರಿಗಾಗಿ ಕಟ್ಟಿದ ಗುಡಿ ಅದು. ಅಂಥವರ ಹೆಸರೆಲ್ಲ ಆ ಕಂಪ್ಯೂಟರಿನಲ್ಲಿತ್ತು. ಶಾಲೆಯ ಯೋ ಮಾಸ್ತರು ಬದುಕಿದ್ದಾಗ ಮನೆಮನೆ ತಿರುಗಿ ಕೇಳಿ ಒಂದೊಂದಾಗಿ ಸೇರಿಸಿದ್ದು. ಇನ್ನೂರ ಹನ್ನೆರಡು ಹೆಸರು, ಸಾಲಿಗೊಂದು. ಏಳನೇ ತಿಂಗಳ ಮೊದಲ ಸಂಜೆ ಅದನ್ನು ಪ್ರಿಂಟ್ ತೆಗೆದು, ಗಟ್ಟಿಯಾಗಿ ಓದಿ, ಆ ಹಾಳೆಗಳನ್ನು ಅಲ್ಲೇ ಸುಟ್ಟುಬಿಡುತ್ತಾರೆ. ಹೆಸರು ಕೇಳಿದವರು ಬಂದು ಉಂಡು ಹೋಗುತ್ತಾರೆ. ಹೆಸರಿಲ್ಲದವರಿಗೆ… ಯಾರೂ ಕರೆಯದ ಮೇಲೆ ಬರುವುದು ಹೇಗೆ?

ಮಾಸ್ತರು ತೀರಿ ಎರಡು ವರ್ಷವಾಗಿತ್ತು. ಹಾರ್ಡ್ ಡಿಸ್ಕ್ ಈಗಲೋ ಆಗಲೋ ಅನ್ನುತ್ತಿತ್ತು. ಪಟ್ಟಿ ತೆರೆದುಕೊಳ್ಳಲು ಇಪ್ಪತ್ತು ನಿಮಿಷ. ನಡುನಡುವೆ ಒಳಗಿಂದ ಟಕ್… ಟಕ್… ಕಿರ್ರ್… ಅಂತ ಸದ್ದು. ಡಿಸ್ಕು ಸಾಯುವಾಗ ಮಾಡುವ ಸದ್ದು ಅದು. ಗುಡಿ ನೋಡಿಕೊಳ್ಳುವ ಲಾನ್ ತಾತ ಕೊನೇ ಗಳಿಗೆಯಲ್ಲಿ ಹೆದರಿ ಯಿರೋಂಗ್‌ಳನ್ನು ಕರೆಸಿದ್ದ.

ಸಿಪಿಯು ಮೇಲೆ ಹಸಿರು ಪೊಟ್ಟಣದ ಜೋಳದ ತಿಂಡಿ ಇಟ್ಟಿದ್ದರು. ಮಷಿನ್ ಹಟ ಮಾಡದಿರಲಿ ಅಂತ ಎಲ್ಲರೂ ಇಡುತ್ತಾರಲ್ಲ, ಅದು. ಯಿರೋಂಗ್ ಎತ್ತಿ ನೋಡಿ, "ತಾತ, ಇದರ ಡೇಟು ಮುಗಿದು ಎರಡು ವರ್ಷ ಆಯ್ತು. ಮುನಿಸ್ಕೊಳ್ದೆ ಇನ್ನೇನು ಮಾಡುತ್ತೆ?" ಅಂದಳು.

"ಹಸಿವಾಗಿದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತಪ್ಪ," ಅಂದ ತಾತ. "ನೀನು ಹರಟೆ ಬಿಡು. ನಾಳೆ ಸಂಜೆ ಐದಕ್ಕೆ ಓದೋಕೆ ಶುರು ಮಾಡ್ಬೇಕು. ಆಗುತ್ತಾ?"

"ಬೆಳಗ್ಗೆನೇ ತಂದು ಇಡ್ತೀನಿ."

ಅವಳು ವೈರು ಕಿತ್ತಾಗ ತಾತ ಯಾಕೋ ಒಂದು ಹೆಜ್ಜೆ ಹಿಂದೆ ಸರಿದನಂತೆ. ಆಗ ಅವಳಿಗೆ ಅದು ವಿಶೇಷ ಅನ್ನಿಸಲಿಲ್ಲ.

ಈಗ ದಾರಿ. ಮಂಜುಗಡ್ಡೆ ಕಾರ್ಖಾನೆ ದಾಟಿದರೆ ಒಂದು ತಿರುವು. ಅಲ್ಲಿ ದೊಡ್ಡ ಆಲದ ಮರ, ಬುಡದಲ್ಲಿ ಸಿಮೆಂಟು ಚಪ್ಪಡಿ ಮುಚ್ಚಿದ ಹಳೇ ಬಾವಿ. ಬೀದಿದೀಪ ಮರದ ಆಚೆಗಿದೆ. ಬೆಳಕು ಬಿಳಲುಗಳ ನಡುವೆ ಸೋಸಿಕೊಂಡು ಬರುತ್ತದೆ.

ಗಾಡಿಯ ಒಂದು ಚಕ್ರ ಕೀಂಯ್… ಕೀಂಯ್… ಅನ್ನುತ್ತಿತ್ತು. ಅದರ ಜೊತೆಗೆ ಇನ್ನೊಂದು ಸದ್ದು.

ಟಕ್… ಟಕ್… ಕಿರ್ರ್.

ಯಿರೋಂಗ್ ನಿಂತಳು. ಚಕ್ರದ ಸದ್ದು ನಿಂತಿತು. ಮಳೆಕೋಟಿನ ಒಳಗಿಂದ ಮತ್ತೆ ಎರಡು ಸಲ… ಟಕ್… ಟಕ್.

ಕರೆಂಟಿಲ್ಲದ ಮಷಿನ್. ಯಾವುದೋ ಸ್ಕ್ರೂ ಕಳಚಿಕೊಂಡಿರಬೇಕು ಅಂದುಕೊಂಡಳು.

ಆಗ ಮರದ ಕೆಳಗಿಂದ ಒಂದು ಗಂಡು ದನಿ. ಪಿಸುದನಿ. ಶೀತವಾದವರ ದನಿಯ ಹಾಗೆ, ನೀರು ತುಂಬಿಕೊಂಡ ಹಾಗೆ.

"ಎಲ್ಲಿಗೆ ತಗೊಂಡ್ ಹೋಗ್ತಿದ್ದೀಯ?"

ಕುಡಿದು ಕೂತ ಯಾರೋ ದೋಣಿಯವನು ಅಂದುಕೊಂಡು ಅವಳು ಗಾಡಿ ತಳ್ಳುತ್ತಲೇ, "ರಿಪೇರಿಗೆ. ಬೆಳಗ್ಗೆ ವಾಪಸ್ ಬರುತ್ತೆ," ಅಂದಳು.

"ಹೆಸರು ಅದ್ರಲ್ಲೇ ಇದೆಯಾ?"

"ಇದೆ."

"ಎಲ್ರದ್ದೂ?"

"ಇನ್ನೂರ ಹನ್ನೆರಡೂ ಇದೆ. ನೀವು ಮನೆಗೆ ಹೋಗಿ ಮಲಗಿ."

ಹತ್ತು ಹೆಜ್ಜೆ ಹೋದ ಮೇಲೆ ಅವಳಿಗೆ ಹೊಳೆಯಿತು… ಗಾಡಿಯ ಮೇಲೆ ಇದ್ದದ್ದು ಮಳೆಕೋಟು ಹೊದ್ದ ಒಂದು ಗಂಟು. ಒಳಗೆ ಏನಿದೆ ಅಂತ ಅವನಿಗೆ ಹೇಗೆ ಗೊತ್ತಾಯಿತು?

ಅವಳು ತಿರುಗಿ ನೋಡಲಿಲ್ಲ. ದೆವ್ವ ನಂಬದವಳು, ಆದರೂ ನೋಡಲಿಲ್ಲ. ಹನ್ನೊಂದು ದಾಟಿ ಐದು ನಿಮಿಷಕ್ಕೆ ಅಂಗಡಿಯ ಷಟರ್ ಎಳೆದುಕೊಂಡ ಸದ್ದು ನಮ್ಮ ಮನೆಗೆ ಕೇಳಿಸಿತ್ತು.

ಅಂಗಡಿಯ ಮೇಲೆ ಮನೆ. ಅಲ್ಲಿ ಅವಳ ಚಿಕ್ಕಮ್ಮ ಆ-ಶ್ಯಾ ಮಲಗಿದ್ದಳು. ಯಿರೋಂಗ್‌ಳ ಅಪ್ಪನ ತಮ್ಮ ಟಿಯೆನ್‌ಲೈನ ಹೆಂಡತಿ. ಈ ಟಿಯೆನ್‌ಲೈ ಹನ್ನೊಂದು ವರ್ಷದ ಹಿಂದೆ ಒಂದು ರಾತ್ರಿ ಗಂಡ ಹೆಂಡಿರ ಜಗಳವಾಗಿ, ಬಾಗಿಲು ಬಡಿದು ಹೋದವನು ಮರಳಿ ಬಂದಿರಲಿಲ್ಲ. ದೂರದ ಹ್ವಾಲಿಯನ್ ಊರಿನ ಕಡೆ ಒಬ್ಬಳ ಜೊತೆ ಸಂಸಾರ ಹೂಡಿದ್ದಾನೆ ಅಂತ ಊರು ಮಾತಾಡಿಕೊಂಡಿತು. ಕಣ್ಣಾರೆ ನೋಡಿದೆ ಅಂದವರೂ ಇದ್ದರು. ಆ-ಶ್ಯಾ ಮಾರುಕಟ್ಟೆಯಲ್ಲಿ ಮೀನು ಸೀಳುವ ಕೆಲಸ ಹಿಡಿದಳು. ಗಂಡನ ಹೆಸರು ಯಾರಾದರೂ ಎತ್ತಿದರೆ ಕೈಯಲ್ಲಿದ್ದ ಬಂಗುಡೆಯ ತಲೆ ಒಂದೇ ಏಟಿಗೆ ಹಾರಿಸುತ್ತಿದ್ದಳು. ಅಷ್ಟೇ ಅವಳ ಉತ್ತರ.

ಯಿರೋಂಗ್ ಕೆಲಸಕ್ಕೆ ಕೂತಳು. ಸಿಪಿಯು ಬಿಚ್ಚಿದಳು. ಕಳಚಿದ ಸ್ಕ್ರೂ ಯಾವುದೂ ಇರಲಿಲ್ಲ. ಹಳೇ ಡಿಸ್ಕನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಹೊಸ ಎಸ್‌ಎಸ್‌ಡಿ ಇಟ್ಟಳು. ಅಂಗೈಯಗಲದ ತೆಳು ಬಿಲ್ಲೆ. ಅದರಲ್ಲಿ ತಿರುಗುವ ತಟ್ಟೆ ಇಲ್ಲ, ಓಡಾಡುವ ಮುಳ್ಳು ಇಲ್ಲ. ಆದ್ದರಿಂದ ಅದು ಸದ್ದು ಮಾಡುವುದೇ ಇಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಹಳೆಯದರಿಂದ ಹೊಸದಕ್ಕೆ ಎಲ್ಲ ಇಳಿಸಲು ಒಂದೂವರೆ ಗಂಟೆ ಹಿಡಿಯಿತು. ಹೆಸರಿನ ಪಟ್ಟಿ ಬಂತು. ಎರಡೂ ಕಡೆ ಸಾಲು ಎಣಿಸಿದಳು. ಹಳೆಯದರಲ್ಲಿ ೨೧೨, ಹೊಸದರಲ್ಲಿ ೨೧೨. ರಿಪೇರಿ ಚೀಟಿಯ ಮೇಲೆ ಅದನ್ನು ಬರೆದುಕೊಂಡಳು. ಆ ಕೊನೆಯ ಕಾಪಿ ಮುಗಿದದ್ದೇ ತಡ, ಹಳೇ ಡಿಸ್ಕು ಕಿರ್… ಅಂದು ನಿಂತುಬಿಟ್ಟಿತು. ಮತ್ತೆ ಎಷ್ಟು ಸಲ ಕರೆಂಟು ಕೊಟ್ಟರೂ ತಿರುಗಲಿಲ್ಲ. ಈಗ ಇನ್ನೂರ ಹನ್ನೆರಡು ಜನರ ಹೆಸರು ಲೋಕದಲ್ಲಿ ಒಂದೇ ಕಡೆ ಇತ್ತು, ಆ ಹೊಸ ಬಿಲ್ಲೆಯಲ್ಲಿ.

ಇನ್ನೊಂದು ಕೆಲಸ ಬಾಕಿ, ಸ್ವಾಪ್. ಅದೇನು ಅಂತ ಅವಳೇ ನನಗೆ ಹೇಳಿದ್ದು ಹೀಗೆ. ಕಂಪ್ಯೂಟರಿನ ಮೆಮೊರಿ ಅಂದರೆ ಒಳಮನೆ. ಕೆಲಸವೆಲ್ಲ ಅಲ್ಲೇ. ಅಲ್ಲಿ ಜಾಗ ಸಾಲದಾದಾಗ, ಸದ್ಯಕ್ಕೆ ಬೇಡದ್ದನ್ನು ಹೊರಗೆ ಪಡಸಾಲೆಯಲ್ಲಿ ಇಡುತ್ತದೆ. ಡಿಸ್ಕಿನ ಮೇಲೆ ಅದಕ್ಕಾಗಿ ಬಿಟ್ಟ ಜಾಗಕ್ಕೆ ಸ್ವಾಪ್ ಅನ್ನುತ್ತಾರೆ. ಗುಡಿಯ ಮಷಿನ್ನಿಗೆ ಮೆಮೊರಿ ಎರಡೇ ಜಿಬಿ. ಹೆಚ್ಚಿಸೋಣವೆಂದರೆ ಇನ್ನೊಂದು ಖಾನೆ ಸತ್ತಿತ್ತು. ಹಾಗಾಗಿ ಹೊಸ ಬಿಲ್ಲೆಯ ಮೇಲೆ ನಾಲ್ಕು ಜಿಬಿ ಸ್ವಾಪ್ ಬಿಟ್ಟಳು. ಹಳೆಯ ಸ್ವಾಪ್ ತರಲಿಲ್ಲ. ಹೊಸದಾಗಿ, ಖಾಲಿಯಾಗಿ ಮಾಡಿದಳು.

ಮಷಿನ್ ಹಚ್ಚಿದಳು. ಪಟ್ಟಿ ತೆರೆಯಲು ಇಪ್ಪತ್ತು ನಿಮಿಷ ತಿನ್ನುತ್ತಿದ್ದದ್ದು ಹದಿನೈದು ಸೆಕೆಂಡಿಗೆ ಎದ್ದು ಪಟ್ಟಿ ತೋರಿಸಿತು. ಮೆಮೊರಿ ಮುಕ್ಕಾಲು ಖಾಲಿ. ಸ್ವಾಪ್ ಸೊನ್ನೆ. ಅವಳಿಗೆ ಖುಷಿಯಾಯಿತು. ಬಿಸಿನೀರು ಕಾಯಿಸಿ ನೂಡಲ್ಸ್ ಡಬ್ಬಿಗೆ ಸುರಿದು ಮುಚ್ಚಳ ಮುಚ್ಚಿದಳು.

ಟಕ್… ಟಕ್… ಕಿರ್ರ್.

ಮೇಜಿನ ಮೇಲಿದ್ದ ಹಳೇ ಡಿಸ್ಕನ್ನು ನೋಡಿದಳು. ಅದಕ್ಕೆ ವೈರೇ ಇರಲಿಲ್ಲ.

ಟಕ್… ಟಕ್.

ಸಿಪಿಯುವಿಗೆ ಕಿವಿ ಕೊಟ್ಟಳು. ಫ್ಯಾನು ಇರಬಹುದು. ಪೆನ್ಸಿಲ್ ತುದಿಯಿಂದ ಫ್ಯಾನು ತಡೆದು ಹಿಡಿದಳು. ಗಾಳಿಯ ಸದ್ದು ನಿಂತಿತು. ಇನ್ನೊಂದು ಸದ್ದು ನಿಲ್ಲಲಿಲ್ಲ.

ಸ್ಕ್ರೀನು ನೋಡಿದಳು. ಮೆಮೊರಿ ಹಾಗೇ ಮುಕ್ಕಾಲು ಖಾಲಿ. ಸ್ವಾಪ್ ನಲವತ್ತು ಎಂಬಿ.

ಒಳಮನೆ ಖಾಲಿ ಇರುವಾಗ ಪಡಸಾಲೆಗೆ ಹೋದದ್ದು ಏನು?

ನೋಡುತ್ತಿದ್ದಂತೆ ಅದು ತೊಂಬತ್ತಾಯಿತು. ಇನ್ನೂರಾಯಿತು. ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಯಾರು ಹಾಕುತ್ತಿದ್ದಾರೆ ಅಂತ ಹುಡುಕಿದಳು, ಲೆಕ್ಕದಲ್ಲಿ ಯಾವ ಪ್ರೋಗ್ರಾಮಿನ ಹೆಸರೂ ಸಿಗಲಿಲ್ಲ. ಪಟ್ಟಿಯನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಬಿಡೋಣ ಅಂತ ಒಂದು ಸಿಕ್ಕಿಸಿದಳು. ದೀಪ ಹತ್ತಲಿಲ್ಲ. ಇನ್ನೊಂದು ಸಿಕ್ಕಿಸಿದಳು. ಅದೂ ಹತ್ತಲಿಲ್ಲ.

ಲಾನ್ ತಾತನಿಗೆ ಫೋನು ಮಾಡಿದಳು. ಅಷ್ಟು ಹೊತ್ತಿನಲ್ಲೂ ಒಂದೇ ರಿಂಗಿಗೆ ಎತ್ತಿದ, ಎದ್ದೇ ಕೂತವನ ಹಾಗೆ.

"ತಾತ, ಈ ಮಷಿನ್ನ ಮಾಸ್ತರು ರಾತ್ರಿ ಆಫ್ ಮಾಡ್ತಿದ್ರಾ?"

"ಇಲ್ಲ."

"ಯಾವತ್ತೂ?"

"ಹದಿನಾಲ್ಕು ವರ್ಷದಲ್ಲಿ ಒಂದು ರಾತ್ರಿನೂ ಇಲ್ಲ. ಅವ್ರು ಹೋದ್ಮೇಲೆ ನಾನೂ ಮಾಡಿಲ್ಲ. ತೂಫಾನಿಗೆ ಕರೆಂಟ್ ಹೋದ್ರೂ ಬ್ಯಾಟ್ರಿ ಮೇಲೆ ಓಡಿಸ್ತಿದ್ವಿ."

"ಯಾಕೆ?"

ತಾತ ದನಿ ತಗ್ಗಿಸಿ, "ಇನ್ನೂ ಹೊರಗೆ ನಿಂತೋರು ಇದ್ದಾರೆ, ದೀಪ ಆರಬಾರ್ದು ಅಂತಿದ್ರು ಮಾಸ್ತರು. ನಾನು ಕೇಳೋಕೆ ಹೋಗ್ಲಿಲ್ಲ. ನೀನೂ ಕೇಳ್ಬೇಡ," ಅಂದ. ಫೋನು ಇಟ್ಟುಬಿಟ್ಟ.

ಸ್ವಾಪ್ ಒಂದೂವರೆ ಜಿಬಿ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಚಿಕ್ಕಮ್ಮ. ಮೂರು ಗಂಟೆಗೆ ಮಾರುಕಟ್ಟೆಗೆ ಹೋಗುವವಳು, ಎರಡಕ್ಕೇ ಎದ್ದು ಬಂದಿದ್ದಳು.

"ಕೆಳಗೆ ಯಾರೇ ಬಂದಿದ್ದು?"

"ಯಾರೂ ಇಲ್ಲ ಚಿಕ್ಕಮ್ಮ. ನಾನೊಬ್ಳೇ."

"ಸುಳ್ಳು ಹೇಳ್ಬೇಡ. ರಬ್ಬರ್ ಬೂಟಿನ ಸದ್ದು ಕೇಳಿಸ್ತು. ಒಳಗೆ ನೀರು ತುಂಬಿದ ಬೂಟು."

"ಎಲ್ಲಿ?"

ಆ-ಶ್ಯಾ ಷಟರಿನ ಕಡೆ ಗಲ್ಲ ಎತ್ತಿ ತೋರಿಸಿದಳು.

ಇಬ್ಬರೂ ಕಿವಿ ಕೊಟ್ಟರು. ಮಳೆ ನಿಂತಿತ್ತು. ದೂರದಲ್ಲಿ ಯಾವುದೋ ದೋಣಿಯ ಹಗ್ಗ ಕಂಬಕ್ಕೆ ತಾಗುವ ಸದ್ದು… ಟಣ್… ಟಣ್. ಅದು ಬಿಟ್ಟರೆ ಏನಿಲ್ಲ.

ಆಮೇಲೆ ಕೇಳಿಸಿತು. ಪಚಕ್… ಪಚಕ್… ಪಚಕ್. ಓಣಿಯ ಆ ತುದಿಯಿಂದ. ಒಬ್ಬನದಲ್ಲ. ಒಂದರ ಹಿಂದೆ ಒಂದು, ದೋಣಿ ಇಳಿದು ಸಾಲಾಗಿ ಮನೆಗೆ ಬರುವವರ ಹಾಗೆ. ಅಂಗಡಿಯ ಮುಂದೆ ಬಂದು ಒಂದೊಂದಾಗಿ ನಿಂತವು.

ಸ್ಕ್ರೀನಿನ ಮೇಲೆ ಸ್ವಾಪ್ ಎರಡೂವರೆ ದಾಟಿತ್ತು.

"ವೈರು ಕಿತ್ತುಬಿಡು," ಅಂದಳು ಚಿಕ್ಕಮ್ಮ, ತುಟಿಯಲ್ಲೇ.

"ಆಗಲ್ಲ. ಡಿಸ್ಕಿಗೆ ಬರೀತಾ ಇದೆ. ಈಗ ಕಿತ್ರೆ ಪಟ್ಟಿ ಹೋದ್ರೂ ಹೋಯ್ತು. ಹಳೇದು ಸತ್ತುಹೋಗಿದೆ."

"ಹಾಗಾದ್ರೆ?"

ಯಿರೋಂಗ್‌ಗೆ ಆ ಹೊತ್ತಿಗೆ ಕೈಗೆ ಬಂದದ್ದು ಒಂದೇ ಉಪಾಯ. ಸ್ವಾಪ್ ಸರಿಯಿಲ್ಲದಿದ್ದರೆ ಅದನ್ನು ಮುಚ್ಚಿ ಮತ್ತೆ ಹೊಸದಾಗಿ ಮಾಡುವುದು. ದಿನಕ್ಕೆ ಹತ್ತು ಸಲ ಮಾಡುವ ಕೆಲಸ. ಮುಚ್ಚುವ ಕಮಾಂಡ್ ಹೊಡೆದು ಎಂಟರ್ ಒತ್ತಿದಳು.

ಒತ್ತಿದ ಮೇಲೆ ನೆನಪಾಯಿತು, ತಾನು ಮಾಡಿದ್ದು ಏನು ಅಂತ.

ಸ್ವಾಪ್ ಮುಚ್ಚುವುದು ಅಂದರೆ ಅಳಿಸುವುದಲ್ಲ. ಪಡಸಾಲೆಯಲ್ಲಿ ಇದ್ದದ್ದನ್ನೆಲ್ಲ ಮೊದಲು ಒಳಮನೆಗೆ ಕರೆದುಕೊಳ್ಳಬೇಕು. ಒಂದೂ ಹೊರಗೆ ಉಳಿಯಬಾರದು. ಆಮೇಲೆಯೇ ಆ ಬಾಗಿಲು ಹಾಕಲು ಬರುತ್ತದೆ.

"ಎರಡು ಜಿಬಿ ಒಳಮನೆ, ಹೊರಗೆ ಅದಕ್ಕಿಂತ ಜಾಸ್ತಿ ಜನ," ಅಂತ ನನಗೆ ಹೇಳುವಾಗ ಅಂದಳು ಯಿರೋಂಗ್. 'ಜನ' ಅಂದದ್ದು ಅವಳಿಗೇ ಗೊತ್ತಾಗಲಿಲ್ಲ.

ಷಟರ್ ಅಲುಗಿತು. ಗರ್ರ್… ಒಂದು ಸಲ, ಮೆಲ್ಲಗೆ. ಗಾಳಿಗೆ ಅಲುಗುವ ಹಾಗಲ್ಲ, ಅಂಗೈ ಒತ್ತಿ ನೋಡಿದ ಹಾಗೆ.

ಮೆಮೊರಿ ಅರ್ಧ ತುಂಬಿತು. ಸ್ವಾಪ್ ಇಳಿಯಿತು. ಟಕ್ ಟಕ್ ಟಕ್ ಟಕ್… ಸಿಪಿಯು ಒಳಗೆ ಈಗ ಬಿಡುವೇ ಇರಲಿಲ್ಲ. ಷಟರಿನ ಕೆಳಗಿನ ಸಂದಿಯಿಂದ ಡೀಸಲ್ ವಾಸನೆ ಬಂತು, ಜೊತೆಗೆ ತುಂಬ ದಿನ ನೀರಲ್ಲಿದ್ದ ಹಗ್ಗದ ವಾಸನೆ. ಪಚಕ್… ಪಚಕ್. ಈ ಸಲ ಸದ್ದು ಷಟರಿನ ಈಚೆಗಿತ್ತು.

ಚಿಕ್ಕಮ್ಮ ಯಿರೋಂಗ್‌ಳ ಮಣಿಕಟ್ಟು ಹಿಡಿದಳು. "ಹಿಂದೆ ನೋಡ್ಬೇಡ. ಸ್ಕ್ರೀನ್ ನೋಡ್ತಿರು."

ಅವಳು ಸ್ಕ್ರೀನು ನೋಡುತ್ತಿದ್ದಳು. ಮೆಮೊರಿ ಪೂರ್ತಿ ತುಂಬಿತ್ತು. ಅದರ ಮೇಲೆ ತೆರೆದಿದ್ದ ಪ್ರೋಗ್ರಾಮಿನ ಕಿಟಕಿಗಳು ಒಂದೊಂದಾಗಿ ತಾವೇ ಮುಚ್ಚಿಕೊಂಡವು. ಜಾಗ ಮಾಡಿಕೊಟ್ಟ ಹಾಗೆ. ಬೆನ್ನಿಗೆ ತಣ್ಣಗೆ ಹತ್ತುತ್ತಿತ್ತು. ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಬರುತ್ತದಲ್ಲ, ಆ ತಣ್ಣಗೆ. ಬಿಸಿಲು ತಲುಪದ ಸಮುದ್ರದ ತಳದಲ್ಲಿ ನೀರು ಸದಾ ನಾಲ್ಕೇ ಡಿಗ್ರಿ ಅನ್ನುತ್ತಾರೆ ನಮ್ಮ ದೋಣಿಯವರು, ಅಂಥ ತಣ್ಣಗೆ. ಅವರ ಹಿಂದೆ ಅಂಗಡಿ ತುಂಬಿತ್ತು ಅಂತಾಳೆ. ನೋಡಲಿಲ್ಲ, ಆದರೆ ತುಂಬಿದ ಬಸ್ಸಿನಲ್ಲಿ ಕಣ್ಣು ಮುಚ್ಚಿ ನಿಂತರೂ ಗೊತ್ತಾಗುವುದಿಲ್ಲವೇ, ಹಾಗೆ.

ಸ್ವಾಪಿನಲ್ಲಿ ನಾಲ್ಕು ಎಂಬಿ ಉಳಿದಿತ್ತು. ಅಲ್ಲೇ ನಿಂತಿತು. ಅದೊಂದು ಇಳಿಯುತ್ತಲೇ ಇಲ್ಲ.

ಟಕ್ ಟಕ್ ಸದ್ದು ನಿಂತಿತು.

ಎಲ್ಲ ಸದ್ದೂ ನಿಂತಿತು.

"ಶ್ಯಾಶ್ಯಾ…"

ಹಾಗೆ ಕರೆಯುತ್ತಿದ್ದವನು ಲೋಕದಲ್ಲಿ ಒಬ್ಬನೇ. ಯಿರೋಂಗ್‌ಗೆ ದನಿಯೂ ಗುರುತಾಯಿತು. ಆಲದ ಮರದ ಕೆಳಗೆ ಕೇಳಿದ್ದ ದನಿಯೇ. ತಾನು ಚಿಕ್ಕವಳಿದ್ದಾಗ ದೋಣಿಯಿಂದ ಇಳಿದು ಓಣಿಯ ತುದಿಯಿಂದಲೇ ಹೆಂಡತಿಯನ್ನು ಕೂಗುತ್ತಿದ್ದ ಚಿಕ್ಕಪ್ಪನ ದನಿ.

ಏಳನೇ ತಿಂಗಳಲ್ಲಿ ರಾತ್ರಿ ಯಾರಾದರೂ ಹೆಸರು ಹಿಡಿದು ಕರೆದರೆ ಓಗೊಡಬಾರದು. ನಮ್ಮಲ್ಲಿ ಮಕ್ಕಳಿಗೆ ಮಾತು ಕಲಿಸುವುದಕ್ಕೆ ಮುಂಚೆ ಇದನ್ನು ಕಲಿಸುತ್ತೇವೆ. ಯಿರೋಂಗ್ ಚಿಕ್ಕಮ್ಮನ ಕೈ ಬಿಗಿಯಾಗಿ ಅದುಮಿದಳು, ಬೇಡ ಅಂತ.

"ಶ್ಯಾಶ್ಯಾ…"

ಆ-ಶ್ಯಾ ಹಿಂದೆ ತಿರುಗಲಿಲ್ಲ. ಗೋಡೆ ನೋಡಿಕೊಂಡೇ, ಹಲ್ಲು ಕಚ್ಚಿಕೊಂಡೇ ಕೇಳಿದಳು.

"ಹನ್ನೊಂದು ವರ್ಷ ಎಲ್ಲಿ ಹಾಳಾಗಿ ಹೋಗಿದ್ದೆ?"

ನೀರು ತೊಟ್ಟಿಕ್ಕಿದ ಸದ್ದು. ತಪ್… ತಪ್.

"ಕೆಳಗೇ ಇದ್ದೆ."

ಅಷ್ಟೇ. ಸ್ವಾಪ್ ಸೊನ್ನೆಯಾಯಿತು. ಕರ್ಸರ್ ಬಂದು ಮಿನುಗಿತು. ಫ್ಯಾನಿನ ಗಾಳಿ ಸದ್ದು ಮತ್ತೆ ಕೇಳಿಸಿತು. ಬೆನ್ನಿನ ಚಳಿ ಹೋಯಿತು.

ಯಿರೋಂಗ್ ಮೊದಲು ಮಾಡಿದ್ದು ಪಟ್ಟಿ ಇದೆಯೋ ಇಲ್ಲವೋ ನೋಡಿದ್ದು. ಇತ್ತು. ಸಾಲು ಎಣಿಸಿದಳು.

೨೧೩.

ಮತ್ತೆ ಎಣಿಸಿದಳು. ಅಷ್ಟೇ ಬಂತು. ಕೊನೆಯ ಸಾಲಿಗೆ ಇಳಿದಳು. ಮಾಸ್ತರು ಬರೆಯುತ್ತಿದ್ದ ಕ್ರಮದಲ್ಲೇ ಇತ್ತು. ಹೆಸರು, ದೋಣಿ, ದಿನ. ಕಾಂಗ್ ಟಿಯೆನ್‌ಲೈ. ಜಿನ್‌ಮಾನ್ ಎಂಟನೇ ದೋಣಿ. ಹನ್ನೊಂದು ವರ್ಷದ ಹಿಂದೆ ಅವನು ಬಾಗಿಲು ಬಡಿದು ಹೋದ ರಾತ್ರಿಯ ತಾರೀಕು.

ಚಿಕ್ಕಮ್ಮ ಬಗ್ಗಿ ಓದಿದಳು. ಅವಳಿಗೆ ಓದು ನಿಧಾನ. ಬೆರಳಿಟ್ಟು ಎರಡು ಸಲ ಓದಿದಳು. ಆಮೇಲೆ ಏಪ್ರನ್ ಕಟ್ಟಿಕೊಂಡು ಮಾರುಕಟ್ಟೆಗೆ ಹೋದಳು. ಅವತ್ತು ಅವಳು ಸೀಳಿದ ಮೀನಿಗೆ ಲೆಕ್ಕವಿಲ್ಲ ಅಂತ ಜೊತೆಯವರು ಹೇಳಿದರು.

ಬೆಳಗ್ಗೆ ಸಿಪಿಯು ಗುಡಿಗೆ ಹೋಯಿತು. ಹೆಸರು ಅಳಿಸಲೇ ಅಂತ ಯಿರೋಂಗ್ ಕೇಳಿದಳು. ಲಾನ್ ತಾತ ಪಟ್ಟಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿ, "ಬಂದೋರನ್ನ ವಾಪಸ್ ಕಳ್ಸೋಕೆ ನಾವ್ಯಾರು," ಅಂದ.

ಸಂಜೆ ಓದಿದರು. ನಾನೂ ಇದ್ದೆ. ಊದುಬತ್ತಿಯ ಹೊಗೆ, ಮೇಜಿನ ತುಂಬ ಅನ್ನ, ಹಂದಿಮಾಂಸ, ಬಿಯರು. ಇನ್ನೂರ ಹನ್ನೆರಡಾದ ಮೇಲೆ ಎಲ್ಲರೂ ಏಳಲು ಹೊರಟರು. ತಾತ ಕೈ ಎತ್ತಿ ಕೂರಿಸಿ, ಇನ್ನೊಂದು ಹೆಸರು ಓದಿದ. ದೋಣಿಯ ಹೆಸರೂ ಓದಿದ.

ಹಿಂದಿನ ಸಾಲಿನಲ್ಲಿ ಒಂದು ಸ್ಟೂಲು ಬಿತ್ತು. ಚಿಯೆನ್ ಮುದುಕ ಎದ್ದು ನಿಂತಿದ್ದ. ಒಂದು ಕಾಲಕ್ಕೆ ಜಿನ್‌ಮಾನ್ ಎಂಟನೇ ದೋಣಿ ಓಡಿಸುತ್ತಿದ್ದವನು ಅವನೇ. ಮುಖ ಬೂದಿಯಾಗಿತ್ತು. ಜನರನ್ನು ಸರಿಸಿಕೊಂಡು ಹೊರಗೆ ಹೋದ.

ಮೂರನೇ ದಿನ ಆ-ಶ್ಯಾಳ ಬಾಗಿಲಿಗೆ ಬಂದ. ಹೊಸ್ತಿಲ ಹೊರಗೇ ನಿಂತ. ಯಿರೋಂಗ್ ಅಂಗಡಿಯಲ್ಲಿದ್ದಳು, ನಾನು ನಮ್ಮ ಮೆಟ್ಟಿಲ ಮೇಲಿದ್ದೆ.

"ಅತ್ತಿಗೆ, ಆ ರಾತ್ರಿ ನನ್ನ ದೋಣಿಗೆ ಒಬ್ಬ ಆಳು ಕಮ್ಮಿ ಇದ್ದ," ಅಂದ. "ಅವ್ನು ದಡದಲ್ಲಿ ಕೂತಿದ್ದ. ಮನೆಗೆ ಹೋಗಲ್ಲ, ಕರ್ಕೊಂಡ್ ಹೋಗಿ ಅಂದ. ಆಳುಗಳ ಲೆಕ್ಕದಲ್ಲಿ ಹೆಸರು ಬರೆಸದೇನೇ ಹತ್ತಿಸ್ಕೊಂಡೆ. ಬೆಳಗಿನ ಜಾವ ಒಂದು ಅಲೆ ಬಂತು… ತಿರುಗಿ ನೋಡೋದ್ರೊಳಗೆ ಇರ್ಲಿಲ್ಲ. ಲೆಕ್ಕದಲ್ಲಿ ಇಲ್ದಿರೋ ಆಳು. ಹೇಳಿದ್ರೆ ಜೈಲು. ಇದ್ದ ಇಬ್ರ ಬಾಯಿ ಮುಚ್ಚಿಸ್ದೆ. ಹ್ವಾಲಿಯನ್ ಮಾತು ಹಬ್ಬಿಸಿದ್ದೂ ನಾನೇ."

ಅವಳು ಕಿರುಚುತ್ತಾಳೆ ಅಂದುಕೊಂಡೆ. ಕೈಗೆ ಕತ್ತಿ ಬರುತ್ತದೆ ಅಂದುಕೊಂಡೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

"ಅವತ್ತು ಊಟ ಮಾಡಿದ್ನಾ?" ಅಂತ ಕೇಳಿದಳು.

"ಮಾಡಿದ್ದ. ಬಂಗುಡೆ ಸಾರು. ಎರಡು ಬಟ್ಟಲು."

ಆ-ಶ್ಯಾ ತಲೆಯಾಡಿಸಿದಳು. "ನಾನು ಅವತ್ತು ಅನ್ನ ಇಟ್ಟಿರ್ಲಿಲ್ಲ," ಅಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ, ಮಾರನೇ ದಿನ, ಗೋಡೆಯ ಆಚೆಯಿಂದ ಅವಳ ಅಳು ನಮಗೆ ಕೇಳಿಸುತ್ತಿತ್ತು. ಹನ್ನೊಂದು ವರ್ಷದ್ದು, ಎರಡು ದಿನಕ್ಕೆ ಮುಗಿಯುವಂಥದ್ದಲ್ಲ. ಚಿಯೆನ್ ಮುದುಕ ತಾನೇ ಠಾಣೆಗೆ ಹೋಗಿ ಹೇಳಿಕೆ ಕೊಟ್ಟ. ಮುಂದಿನದೆಲ್ಲ ಊರಿಗೇ ಗೊತ್ತು.

ನೀವು ಅನ್ನಬಹುದು, ಯೋ ಮಾಸ್ತರರಿಗೆ ಹೇಗೋ ಸುದ್ದಿ ತಿಳಿದಿತ್ತು, ಬರೆದು ಬಚ್ಚಿಟ್ಟಿದ್ದರು, ಕೆಟ್ಟ ಡಿಸ್ಕಿನ ಯಾವುದೋ ಮೂಲೆಯಿಂದ ಆ ಸಾಲು ಬಂತು ಅಂತ. ಯಿರೋಂಗ್ ಕೂಡ ಹಗಲು ಹೊತ್ತಿನಲ್ಲಿ ಹಾಗೇ ಅನ್ನುತ್ತಾಳೆ. ಹೆಂಗಸರಿಬ್ಬರು ಹೆದರಿದ್ದರು, ಏನೇನೋ ಕೇಳಿಸಿರುತ್ತದೆ ಅನ್ನಬಹುದು. ನಾನು ವಾದಕ್ಕೆ ಬರುವುದಿಲ್ಲ.

ಆದರೆ ಕೇಳಿ. ಎಸ್‌ಎಸ್‌ಡಿಯ ಒಳಗೆ ಶಾಖ ಅಳೆಯುವ ಒಂದು ಸಣ್ಣ ವ್ಯವಸ್ಥೆ ಇರುತ್ತದಂತೆ. ಬಿಲ್ಲೆ ಎಷ್ಟು ಬಿಸಿಯಾಗಿದೆ ಅಂತ ಅದೇ ಹೇಳುತ್ತದೆ. ಓಡುತ್ತಿರುವ ಬಿಲ್ಲೆ ನಮ್ಮ ಬಂದರಿನ ಸೆಕೆಗೆ ನಲವತ್ತಾದರೂ ತೋರಿಸಬೇಕು. ಹೋದ ತಿಂಗಳು ಗುಡಿಯ ಮಷಿನ್ನಿನ ಧೂಳು ತೆಗೆಯಲು ಯಿರೋಂಗ್ ಹೋದಾಗ ನಾನೂ ಜೊತೆಗೆ ಹೋಗಿದ್ದೆ. ಹೊರಗೆ ಮೂವತ್ತಮೂರು ಡಿಗ್ರಿ. ಲಾನ್ ತಾತ ಬನಿಯನ್ನಿನಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ. ಅವಳು ನನ್ನ ಕೈ ಹಿಡಿದು ಬಿಲ್ಲೆಯ ಮೇಲೆ ಇಡಿಸಿದಳು. ಬೆಚ್ಚಗಿತ್ತು, ಒಣಗಿತ್ತು. ಆಮೇಲೆ ಸ್ಕ್ರೀನು ತೋರಿಸಿದಳು. ನಾನು ಈ ಎರಡು ಕಣ್ಣಿಂದ ಓದಿದ್ದೇನೆ, ಯಾರ ಮೇಲೆ ಬೇಕಾದರೂ ಆಣೆ ಮಾಡುತ್ತೇನೆ.

ನಾಲ್ಕು ಡಿಗ್ರಿ ಅಂತಿತ್ತು.